ದೂರದ ಗಣಕಯಂತ್ರ, ಎದುರಿನ ಪರದೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಶಾಲೆಗಳಿಗೆ ಉದಾರಿಗಳು ಗಣಕಯಂತ್ರಗಳನ್ನು ದಾನವೀಯುವುದು ಸ್ತುತ್ಯವೇ ಸರಿ. ಆದರೆ ಯಂತ್ರಗಳ ಸಂಖ್ಯೆಯಿಂದಲೇ ದಾನವನ್ನು ಅಳೆಯುವುದು ವಿವೇಕವೆನಿಸದು. ಹತ್ತು ಯಂತ್ರಗಳು ಬಂದರೆ ಹತ್ತನ್ನೂ ಬೇರೆಬೇರೆಯಾಗಿ ಸಜ್ಜುಗೊಳಿಸಬೇಕು, ಹತ್ತರ ದುರಸ್ತಿಯನ್ನೂ ನೋಡಬೇಕು. ಹೊಸ ತಂತ್ರಾಂಶದ ಭಾರ ಹೆಚ್ಚಿದಂತೆ ಅವೆಲ್ಲವೂ ಒಟ್ಟಿಗೇ ಹಳತಾಗುತ್ತವೆ.

ಇದಕ್ಕೊಂದು ಉಪಾಯ ಬಹುಕಾಲದಿಂದ ಉಂಟು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯು ಒಂದು ಯಂತ್ರದಲ್ಲಿ ನಡೆಯುವ ಪ್ರೋಗ್ರಾಮಿನ ಕಿಟಕಿಯನ್ನು ಮತ್ತೊಂದರ ಪರದೆಯ ಮೇಲೆ ಮೂಡಿಸುತ್ತದೆ. ದುಡಿಮೆಯೆಲ್ಲ ಅಲ್ಲಿ, ಚಿತ್ರವೂ ಕೀಲಿಮಣೆಯೂ ಇಲ್ಲಿ. (ಎದುರಿನ ಪರದೆಯನ್ನು ನಡೆಸುವುದಕ್ಕೆ ‘ಸರ್ವರ್’ ಎಂದೂ, ದೂರದಲ್ಲಿ ದುಡಿಯುವ ಪ್ರೋಗ್ರಾಮಿಗೆ ‘ಕ್ಲೈಂಟ್’ ಎಂದೂ ಹೆಸರಿಟ್ಟಿರುವುದು ಕಲಿಯುವವರನ್ನು ಇಂದಿಗೂ ತಬ್ಬಿಬ್ಬುಗೊಳಿಸುತ್ತದೆ.) 1999ರಲ್ಲಿ ಆರಂಭವಾದ ಲಿನಕ್ಸ್ ಟರ್ಮಿನಲ್ ಸರ್ವರ್ ಯೋಜನೆಯು ಇದೇ ತತ್ತ್ವದಿಂದ, ಹಾರ್ಡ್‌ಡಿಸ್ಕ್ ಕೂಡ ಇಲ್ಲದ ಹಳೆಯ ಯಂತ್ರಗಳಿಗೆ ಶಾಲೆಗಳಲ್ಲಿ ಮರುಜೀವ ಕೊಟ್ಟಿತು.

ಕನ್ನಡ ಶಾಲೆಗೆ ಇದರಿಂದ ವಿಶೇಷ ಲಾಭವಿದೆ. ಇಂದಿನ ಪ್ರೋಗ್ರಾಮುಗಳು ಅಕ್ಷರಗಳನ್ನು ತಾವಿರುವ ಯಂತ್ರದಲ್ಲಿಯೇ ರೂಪಿಸಿ ಕಳುಹಿಸುವುದರಿಂದ, ಕನ್ನಡ ಫಾಂಟುಗಳನ್ನು ಮುಖ್ಯ ಯಂತ್ರವೊಂದರಲ್ಲಿ ಅಳವಡಿಸಿದರೆ ಸಾಕು, ಒತ್ತಕ್ಷರಗಳು ಎಲ್ಲ ಪರದೆಗಳಲ್ಲಿಯೂ ಸರಿಯಾಗಿ ಮೂಡುತ್ತವೆ. ಶಹಾಬಾದದ ಕಲ್ಲುಗಣಿಯ ಕಾರ್ಮಿಕನ ಮಗಳು ಯಾವ ಮೇಜಿಗೆ ಕುಳಿತರೂ ನಿನ್ನೆ ಅರ್ಧಕ್ಕೆ ಬಿಟ್ಟ ತನ್ನ ಕೆಲಸವನ್ನು ಮುಂದುವರಿಸಬಲ್ಲಳು. ಮನೆಯಲ್ಲಿ ಗಣಕಯಂತ್ರವಿಲ್ಲದ ಮಗುವಿಗೆ ಶಾಲೆಯ ಆ ಒಂದು ಗಂಟೆಯೇ ಸರ್ವಸ್ವವಲ್ಲವೆ?

ಮಿತಿಗಳನ್ನು ಮರೆಮಾಚಲಾಗದು. ಎಕ್ಸ್ ವ್ಯವಸ್ಥೆಯಲ್ಲಿ ಒಂದು ಕಿಟಕಿ ತೆರೆಯುವಷ್ಟರಲ್ಲಿ ಪ್ರಶ್ನೋತ್ತರಗಳು ಹಲವು ಸಲ ಅತ್ತಿತ್ತ ಓಡಾಡುತ್ತವೆ. ಒಂದೇ ಕೊಠಡಿಯ ತಂತಿಯಲ್ಲಿ ಅದು ಅರಿವಿಗೆ ಬಾರದು. ಚಿಂಚೋಳಿಯಲ್ಲಿ ಕುಳಿತು ಕಲಬುರಗಿಯ ಯಂತ್ರವನ್ನು ಬಳಸಹೊರಟರೆ ಮಾತ್ರ ಎತ್ತಿನ ಬಂಡಿಯ ಅನುಭವವಾದೀತು. ಅಂತಹ ದೂರಕ್ಕೆ ಪರದೆಯ ಚಿತ್ರವನ್ನು ಸಂಕುಚಿಸಿ ಕಳುಹಿಸುವ ವಿಎನ್‌ಸಿ, ಆರ್‌ಡಿಪಿಗಳೇ ಲೇಸು. ಎಕ್ಸ್‌ನ ಸಂದೇಶಗಳು ಗೂಢಲಿಪಿಯಲ್ಲಿ ಹೋಗುವುದಿಲ್ಲವಾದ್ದರಿಂದ, ಶಾಲೆಯ ಆವರಣ ದಾಟಿದೊಡನೆ ಎಸ್‌ಎಸ್‌ಎಚ್‌ನ ರಕ್ಷಣೆ ಅನಿವಾರ್ಯ. ಚಲನಚಿತ್ರ ನೋಡಲಂತೂ ಇದು ತಕ್ಕ ಸಾಧನವಲ್ಲ. ಲಿನಕ್ಸ್ ಲೋಕವು ಈಗ ವೇಲ್ಯಾಂಡ್ ಎಂಬ ಹೊಸ ಏರ್ಪಾಡಿನತ್ತ ಸರಿಯುತ್ತಿದ್ದರೂ ಹಳೆಯ ಎಕ್ಸ್ ಪ್ರೋಗ್ರಾಮುಗಳು ಅದರೊಳಗೂ ನಡೆಯುತ್ತವೆ.

ಮುಖ್ಯ ಯಂತ್ರ ನಿಂತರೆ ಇಡೀ ತರಗತಿ ನಿಲ್ಲುವುದೆಂಬ ಆಕ್ಷೇಪ ಸುಳ್ಳಲ್ಲ. ಆದ್ದರಿಂದಲೇ ದಾನದ ಹಣವು ಒಂದು ಸಮರ್ಥ ಯಂತ್ರದೊಡನೆ ಬ್ಯಾಟರಿಗೆ, ನಕಲು ಕಾಪಿಡುವ ಡಿಸ್ಕಿಗೆ, ಗೋಡೆಯೊಳಗಿನ ಒಳ್ಳೆಯ ತಂತಿಗೆ, ಇದನ್ನೆಲ್ಲ ನೋಡಿಕೊಳ್ಳುವ ಶಿಕ್ಷಕರ ತರಬೇತಿಗೆ ಸಲ್ಲಬೇಕು. ಇವುಗಳ ಮೇಲೆ ದಾನಿಗಳ ಹೆಸರು ಬರೆಸಲು ಸ್ಥಳ ಸಿಗಲಾರದೆಂಬುದು ನಿಜ.