ಸಪ್ಪಳ ಕೇಳಲಿ ಬಿಡಿ

ನಾರಾಯಣಪೇಟೆ ಸಂತೆಯಲ್ಲಿ ಬದನೆಕಾಯಿ ರಾಶಿ ಹಾಕಿಕೊಂಡು ಕೂತಿದ್ದ ಒಬ್ಬ ಅವ್ವನ ಚಿತ್ರ ತೆಗೆದೆ. ಕೈಯಲ್ಲಿದ್ದದ್ದು ಗೆಳೆಯನ ಮಿರರ್‌ಲೆಸ್ ಕ್ಯಾಮೆರಾ, ಸೈಲೆಂಟ್ ಶಟರ್ ಹಾಕಿತ್ತು. ಹತ್ತು ಚಿತ್ರವಾದ ಮೇಲೆ ಖುಷಿಯಿಂದ ತೋರಿಸಲು ಹೋದರೆ ಅವಳ ಮುಖ ಬಾಡಿತು. "ಯಾವಾಗ ತಗದಿಯಪ್ಪಾ? ಸಪ್ಪಳನೇ ಬರಲಿಲ್ಲ. ತಲಿಮ್ಯಾಲೆ ಸೆರಗರ ಹಾಕ್ಕೊಂತಿದ್ದೆ." ಹತ್ತನ್ನೂ ಅವಳೆದುರೇ ಅಳಿಸಿದೆ.

ಮಕ್ತಲ್, ಗದ್ವಾಲ ಕಡೆಯ ಹುಡುಗರು ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳಿದಾಗೆಲ್ಲ ಆ ಅವ್ವ ನೆನಪಾಗುತ್ತಾಳೆ. ಡಿಎಸ್‌ಎಲ್‌ಆರ್‌ನಲ್ಲಿ ಒಳಗಿನ ಕನ್ನಡಿ ಮೇಲೆದ್ದು 'ಖಟ್' ಎನ್ನುತ್ತದೆ. ಎದುರಿನವರು ತಲೆಯೆತ್ತುತ್ತಾರೆ, ಬೇಡ ಎನ್ನಲು ಅವರಿಗೊಂದು ಅವಕಾಶ ಸಿಗುತ್ತದೆ. 2008ರಲ್ಲಿ ಪ್ಯಾನಸಾನಿಕ್ ಜಿ1 ಬಂದ ಮೇಲೆ ಆ ಕನ್ನಡಿಯೇ ಬೇಡವಾಯಿತು. ಈಗ ದೊಡ್ಡ ಕಂಪನಿಗಳ ಹೊಸ ಮಾದರಿಗಳೆಲ್ಲ ಹೆಚ್ಚುಕಡಿಮೆ ಮಿರರ್‌ಲೆಸ್ಸೇ.

ಅದರ ಗುಣ ನಾನು ಅಲ್ಲಗಳೆಯುವುದಿಲ್ಲ. ಚಿತ್ರ ಎಷ್ಟು ಬೆಳಕಾಗಿ ಬರುತ್ತದೆ ಎಂಬುದು ಒತ್ತುವ ಮೊದಲೇ ಕಾಣುತ್ತದೆ. ಕತ್ತಲೆಯ ಗುಡಿಯೊಳಗೆ ಅದು ದೊಡ್ಡ ಉಪಕಾರ. ಆದರೆ ಸದ್ದಿಲ್ಲದ ಶಟರ್ ಎಲ್ಲ ಕಡೆ ನಡೆಯುವುದಿಲ್ಲ. ಗದ್ವಾಲದ ಒಂದು ಗುಂಡಿಮಗ್ಗದ ಮನೆಯಲ್ಲಿ ನೋಡಿದ್ದೇನೆ. ಹತ್ತಿಯ ಒಡಲು, ರೇಷ್ಮೆಯ ಅಂಚು, ನಡುವೆ ಓಡುವ ಲಾಳಿ. ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ, ಅದು ಓದಿ ಮುಗಿಸುವಷ್ಟರಲ್ಲಿ ಲಾಳಿ ಮುಂದೆ ಹೋಗಿರುತ್ತದೆ, ಚಿತ್ರದಲ್ಲಿ ಓರೆಯಾಗಿ ಬೀಳುತ್ತದೆ. ಎಲ್‌ಇಡಿ ದೀಪದ ಕೆಳಗಂತೂ ನೇಕಾರ ನೇಯದ ಕಪ್ಪು ಪಟ್ಟೆಗಳು ಸೀರೆಯ ಮೇಲೆ ಮೂಡಿದ್ದವು. ದಿನಗಟ್ಟಲೆ ಕಣ್ಣು ಸವೆಸಿದವನ ಕೆಲಸಕ್ಕೆ ಅದು ಅನ್ಯಾಯ. ಅಷ್ಟಕ್ಕೂ, ಮಗ್ಗವೇ ಅಷ್ಟು ಸಪ್ಪಳ ಮಾಡುವ ಮನೆಯಲ್ಲಿ ಕ್ಯಾಮೆರಾ ಯಾಕೆ ಉಸಿರು ಬಿಗಿಹಿಡಿಯಬೇಕು?

ಡಿಎಸ್‌ಎಲ್‌ಆರ್‌ಗೆ ಇನ್ನೊಂದು ಅನುಕೂಲವೂ ಇದೆ. ನನ್ನ ಹಳೆಯ ನಿಕಾನ್ ಡಿ5600ರ ಬ್ಯಾಟರಿ ಕಂಪನಿ ಲೆಕ್ಕದಲ್ಲಿ 970 ಚಿತ್ರಗಳಿಗೆ ಬರುತ್ತದೆ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮಕ್ತಲ್‌ಗೆ ಮರಳುವವರೆಗೆ ಚಾರ್ಜರ್‌ನ ಚಿಂತೆಯಿಲ್ಲ.

ಹಾಗಾಗಿ ಹೊಸಬರಿಗೆ ನಾನು ಹೇಳುವುದು: ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಳ್ಳಿ. ಮಿರರ್‌ಲೆಸ್ ಈಗಾಗಲೇ ಕೈಯಲ್ಲಿದ್ದರೆ ಸಂತೆಗೆ ಕಾಲಿಡುವ ಮೊದಲು ಮೆನುವಿಗೆ ಹೋಗಿ ಮೆಕ್ಯಾನಿಕಲ್ ಶಟರ್ ಹಾಕಿಕೊಳ್ಳಿ. ಉಳಿದ ದುಡ್ಡಿನಲ್ಲಿ 35 ಎಂಎಂ ಲೆನ್ಸ್ ತನ್ನಿ. ಅದರಲ್ಲಿ ಮುಖ ತುಂಬಿ ಬರಬೇಕಾದರೆ ಮಾತಾಡಿಸುವಷ್ಟು ಹತ್ತಿರ ಹೋಗಲೇಬೇಕು.