ಬಿತ್ತುವ ಮೊದಲೇ ತೆನೆ ಕೇಳುವವರು

ಅಸುಂಡಿಯಿಂದ ಗದಗ-ಬೆಟಗೇರಿಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಬೀಳುವುದು ಮನೆ ಮುಂದಿನ ಬ್ಯಾರಲ್‌ಗಳ ಮೇಲೆ. ನಳಕ್ಕೆ ನೀರು ಬರುವುದು ವಾರಕ್ಕೋ ಹತ್ತು ದಿನಕ್ಕೋ. ಜನ ತುಂಬಿಟ್ಟುಕೊಳ್ಳದೆ ಏನು ಮಾಡಿಯಾರು? ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಇಂಥ ನಿಂತ ತಿಳಿನೀರೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಸಾಕು. ನೀರು ಬತ್ತಿದರೂ ಬ್ಯಾರಲಿನ ಒಳಮೈಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಹಾಗಾದರೆ ನಳದ ಸರದಿ ಎಷ್ಟು ದಿನ ತಡವಾದರೆ ಯಾವ ವಾರ್ಡಿನಲ್ಲಿ ಜ್ವರ ಏರುತ್ತದೆ?

ಇದಿಷ್ಟೇ ನಮ್ಮ ಪ್ರಶ್ನೆ. ಬೇಕಾದದ್ದು ಇಬ್ಬರು ಹುಡುಗರಿಗೆ ಒಂದು ಮಳೆಗಾಲದ ಸಂಬಳ, ಎರಡು ಬ್ಯಾಟರಿ, ಒಂದಿಷ್ಟು ನೋಟ್‌ಬುಕ್ಕು. ಗೆಳೆಯರು ಸೇರಿ ಒಂದು ಕಡೆ ಅರ್ಜಿ ಹಾಕಿದೆವು. ‘ಪ್ರಾಥಮಿಕ ದತ್ತಾಂಶ ಲಗತ್ತಿಸಿಲ್ಲ’ ಎಂದು ವಾಪಸು ಬಂತು. ಆ ದತ್ತಾಂಶಕ್ಕಾಗಿಯೇ ಅಲ್ಲವೇ ಸ್ವಾಮಿ ದುಡ್ಡು ಕೇಳಿದ್ದು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

2023ರಲ್ಲಿ ಕೇಂದ್ರವು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ತಂದಾಗ ಐದು ವರ್ಷಕ್ಕೆ ಹೇಳಿದ ಅಂದಾಜು 50,000 ಕೋಟಿ ರೂಪಾಯಿ. ನಮಗೆ ಕೋಟಿ ಬೇಡ, ಬಿತ್ತಲು ಒಂದು ಸೇರು ಕಾಳು ಸಾಕು. ಗದಗಿನಲ್ಲಿ ವೈದ್ಯಕೀಯ ಕಾಲೇಜಿದೆ, ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವಿದೆ, ಓಣಿ ಓಣಿ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ದೊಡ್ಡ ನಗರದಿಂದ ಯಾರೂ ಬರಬೇಕಿಲ್ಲ. ನಮ್ಮ ಊಹೆ ಸುಳ್ಳಾದೀತು ಎನ್ನುತ್ತೀರಾ? ಆಗಲಿ. ಸುಳ್ಳೆಂದು ಗೊತ್ತಾಗಲಿಕ್ಕಾದರೂ ಯಾರಾದರೂ ಮುಚ್ಚಳ ತೆಗೆದು ಎಣಿಸಬೇಕಲ್ಲ.

ಈ ಮಳೆಗಾಲಕ್ಕೆ ಮತ್ತೆ ಅರ್ಜಿ ಹಾಕುತ್ತಿದ್ದೇವೆ, ದತ್ತಾಂಶದ ಕಾಲಂ ಖಾಲಿ ಬಿಟ್ಟು.