ಹಳೇ ನಳಿಗೆಗೂ ಒಂದು ಪಹಣಿ ಇದೆ

ಜೆ.ಪಿ. ನಗರದ ಪಕ್ಕದ ಸಾರಕ್ಕಿ ನಮ್ಮ ಅಕ್ಕನನ್ನು ಕೊಟ್ಟ ಊರು. ಬಡಾವಣೆ ಆಗೋಕೆ ಮುಂಚೆ ಅವರದು ರಾಗಿ, ಅವರೆ ಬೆಳೆಯುವ ಹೊಲ. ಹೋದ ವರ್ಷ ಹಳೇ ಹೆಂಚಿನ ಮನೆ ಕೆಡವುವಾಗ ಅಟ್ಟದಲ್ಲಿ ಗೋಣಿತಾಟು ಸುತ್ತಿದ ಒಂದು ಬಂದೂಕಿನ ನಳಿಗೆ ಸಿಕ್ಕಿತು. ಭಾವನ ತಾತ ಹಂದಿ ಕಾಯಲು ಇಟ್ಟುಕೊಂಡಿದ್ದ, ಬಾಯಿಂದ ಮದ್ದು ತುಂಬುವ ನಾಡಬಂದೂಕು. ಮರದ ಹಿಡಿಯನ್ನು ಗೆದ್ದಲು ತಿಂದುಹಾಕಿತ್ತು.

ಗುಜರಿಯವನು ತೂಕಕ್ಕೆ ಕೇಳಿದ. ಇನ್ನೊಬ್ಬ ಬಂದು, "ಇದು ಟಿಪ್ಪು ಕಾಲದ್ದು, ಲಕ್ಷ ಬಾಳುತ್ತೆ, ಯಾರಿಗೂ ಹೇಳಬೇಡಿ" ಅಂದ. ಅವತ್ತಿನಿಂದ ಭಾವನಿಗೆ ನಿದ್ದೆ ಇಲ್ಲ.

ನಾನು ಹೇಳಿದೆ: "ಭಾವ, ಜಮೀನು ಯಾರದು ಅಂತ ಬಾಯಿಮಾತು ನಂಬ್ತೀವಾ? ಪಹಣಿ ನೋಡ್ತೀವಿ. ನಳಿಗೆಗೂ ಪಹಣಿ ಇರುತ್ತೆ, ಮೊದಲು ಅದನ್ನ ಓದೋಣ."

ಓದುವ ಮುಂಚೆ ಒಂದು ಎಚ್ಚರಿಕೆ. ಹಳೇ ನಳಿಗೆಯಲ್ಲಿ ತಾತನ ಕಾಲದ ಮದ್ದು ಹಾಗೇ ಇರಬಹುದು. ಬಾಯಿ ನಿಮ್ಮ ಕಡೆ ತಿರುಗಿಸಬೇಡಿ, ಬಡಿಯಬೇಡಿ, ಬೆಂಕಿಗೆ ಹಿಡಿಯಬೇಡಿ. ಪಕ್ಕಕ್ಕೆ ನಿಂತು ತೆಳ್ಳನೆ ಮರದ ಕಡ್ಡಿಯನ್ನು ಮೆಲ್ಲಗೆ ಇಳಿಸಿ, ಹೊರಗೆ ಅಳತೆ ಹಿಡಿದು ನೋಡಿ. ಕಿವಿಯ ತೂತಿನ ತನಕ ಕಡ್ಡಿ ಹೋಗದೆ ಮೂರು ನಾಲ್ಕು ಬೆರಳು ಮುಂಚೆಯೇ ನಿಂತರೆ ಒಳಗೆ ಏನೋ ಇದೆ ಅಂತ ಅರ್ಥ. ಅಲ್ಲಿಗೆ ಕೈ ಬಿಟ್ಟು ಠಾಣೆಗೆ ತಿಳಿಸಿ.

ಬರಿದಾಗಿದ್ದರೆ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಉಪ್ಪು ಕಾಗದ, ಅರ ಹಾಕಲೇಬಾರದು. ಅರ ಹಾಕಿದರೆ ಪಹಣಿ ಹರಿದು ಹಾಕಿದ ಹಾಗೆ. ಗುರುತುಗಳು ಹೆಚ್ಚಾಗಿ ಹಿಂತುದಿಯ ಮೇಲೆ, ಪಕ್ಕದಲ್ಲಿ, ಮರದೊಳಗೆ ಕೂರುವ ಅಡಿಭಾಗದಲ್ಲಿ ಇರುತ್ತವೆ.

ಬಲ್ಲವರಿಂದ ಕೇಳಿ ತಿಳಿದದ್ದು ಇಷ್ಟು. ಟಿಪ್ಪುವಿನ ಕಾರ್ಖಾನೆ ಮಾಲಿನಲ್ಲಿ ಹುಲಿಪಟ್ಟೆಯ ಗುರುತು, ಪಾರ್ಸಿ ಅಕ್ಷರ, ಮೌಲೂದಿ ವರ್ಷ ಇರುತ್ತದೆ. ಅಂಕಿ ಬಲದಿಂದ ಎಡಕ್ಕೆ ಓದಬೇಕು. 2221 ಅಂತ ಕಂಡರೆ ಅದು 1222, ಅಂದರೆ ಕ್ರಿ.ಶ. 1794ರ ಸುಮಾರು. ಈಸ್ಟ್ ಇಂಡಿಯಾ ಕಂಪನಿಯದಾದರೆ ಹಳೆಯದಕ್ಕೆ ಹೃದಯದ ಮುದ್ರೆ, 1808ರ ಈಚಿನದಕ್ಕೆ ಎದ್ದು ನಿಂತ ಸಿಂಹ. ಅಂಡಾಕಾರದೊಳಗೆ ಇ.ಎಲ್.ಜಿ. ಇದ್ದರೆ ಬೆಲ್ಜಿಯಂನ ಲೀಜ್ ಪಟ್ಟಣದಲ್ಲಿ ಪರೀಕ್ಷೆ ಆದದ್ದು.

ಭಾವನ ನಳಿಗೆಯಲ್ಲಿ ಕಂಡದ್ದು ಕಿರೀಟ, ಅದರ ಕೆಳಗೆ ಕತ್ತರಿಯಂತೆ ಇಟ್ಟ ಎರಡು ರಾಜದಂಡ, ಸಂದಿನಲ್ಲಿ ಬಿ.ಪಿ.ಸಿ. ಅಕ್ಷರ. ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆಯ ಮುದ್ರೆ. ಆ ಮನೆ ಶುರುವಾದದ್ದೇ 1813ರಲ್ಲಿ. ಟಿಪ್ಪು ಸತ್ತದ್ದು 1799ರಲ್ಲಿ. ಲಕ್ಷದ ಮಾತು ಅಲ್ಲಿಗೆ ಮುಗಿಯಿತು.

ಆದರೂ ಆ ಮುದ್ರೆ ಪರೀಕ್ಷೆ ಮಾಡಿದವರದು, ಮಾಡಿದವನದಲ್ಲ. ಮಾಡಿದವನ ಗುರುತು ಬೇರೆ ಇರುತ್ತದೆ, ಸವೆದೂ ಹೋಗಿರುತ್ತದೆ. ನೇಗಿಲಿಗೆ ಮೇಳಿ ಒಂದು ಕಾಲದ್ದು, ಕುಳ ಒಂದು ಕಾಲದ್ದು ಇರೋ ಹಾಗೆ ನಾಡಬಂದೂಕಿಗೂ ನಳಿಗೆ ಪರದೇಶದ್ದು, ಹಿಡಿ ನಮ್ಮೂರ ಆಚಾರಿಯದು, ಕುದುರೆ ಇನ್ನೆಲ್ಲಿಯದೋ ಆಗಿರಬಹುದು. ಒಂದು ನೋಡಿ ಪೂರ್ತಿ ಬಂದೂಕಿಗೆ ಹೆಸರು ಇಡಬಾರದು.

ಕಾಯ್ದೆ ವಿಷಯವನ್ನೂ ಹಗುರ ಮಾಡಬೇಡಿ. ಗುಂಡು ಹೊಡೆಯಲು ಬಾರದ ಪುರಾತನ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ಬಾರದು ಅಂತ ನಾವೇ ತೀರ್ಪು ಕೊಟ್ಟುಕೊಳ್ಳೋ ಹಾಗಿಲ್ಲ. ನೂರು ವರ್ಷ ದಾಟಿದ ವಸ್ತುವಿನ ವ್ಯಾಪಾರಕ್ಕೆ 1972ರ ಪುರಾವಸ್ತು ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. "ಯಾರಿಗೂ ಹೇಳಬೇಡಿ" ಅನ್ನುವವನನ್ನು ಅದಕ್ಕೇ ದೂರ ಇಡಿ. ಭಾವ ತಾತನ ಲೈಸೆನ್ಸ್ ಪುಸ್ತಕ ಹುಡುಕಿ, ಠಾಣೆಗೆ ಬರೆದು ಕೊಟ್ಟರು. ಈಗ ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ.

ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಒಂದು ಹಳೇ ಬಾವಿಯಿಂದ 1000ಕ್ಕೂ ಹೆಚ್ಚು ಟಿಪ್ಪು ಕಾಲದ ರಾಕೆಟ್ ಸಿಕ್ಕವು. ಗುಜರಿಗೆ ಹೋಗಿದ್ದರೆ ಬರೀ ಕಬ್ಬಿಣ ಆಗ್ತಿತ್ತು.

ನನ್ನದೊಂದು ಸಲಹೆ. ಚುನಾವಣೆ ಬಂದಾಗಲೆಲ್ಲ ಬೆಳೆ ಕಾಯುವ ಬಂದೂಕುಗಳನ್ನು ನಾವು ಠಾಣೆಗೆ ಒಪ್ಪಿಸ್ತೀವಿ. ಆಗ ಲೈಸೆನ್ಸ್ ನಂಬರಿನ ಪಕ್ಕದಲ್ಲೇ ನಳಿಗೆಯ ಗುರುತನ್ನೂ ಬರೆದು ಒಂದು ಫೋಟೋ ತೆಗೆದಿಡಲಿ. ಖರ್ಚು ಏನೂ ಇಲ್ಲ. ಅಲ್ಲಿಯ ತನಕ ರೈತ ಬಂಧುಗಳು ನಿಮ್ಮ ಮನೆಯ ನಳಿಗೆಯ ಗುರುತು ನೀವೇ ಬರೆದಿಟ್ಟುಕೊಳ್ಳಿ. ಲಕ್ಷ ಬಾರದಿದ್ದರೂ ನಮ್ಮ ಹೊಲ ಕಾಯ್ದ ವಸ್ತು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಗೊತ್ತಿರಲಿ.